ಅಂಜಮ್ಮನ ಮನೆ ಮುಂದೆ ಜೀಪು

ಅಂಜಮ್ಮನಿಗೆ ಕಾನೂನು ಗೊತ್ತು ಎಂದರೆ ಗಡಿಯಾಚೆ ತಮಿಳು ಸೀಮೆಗೆ ಸೇರಿದ ಗುಮ್ಮಳಾಪುರದ ಸುತ್ತಮುತ್ತ ಈಗಲೂ ಜನ ಕಿಸಕ್ಕನೆ ನಗುತ್ತಾರೆ. ನಗಲಿ ಬಿಡಿ. ಊರ ಬಾಯಿಗೆ ಮುಚ್ಚಳ ಮಾಡುವ ಕುಂಬಾರ ಇನ್ನೂ ಹುಟ್ಟಿಲ್ಲ. ಅವಳಿಗೆ ಗೊತ್ತಿದ್ದದ್ದು ಇಡೀ ಕಾನೂನೇನೂ ಅಲ್ಲ, ಅದರ ಒಂದು ತುಣುಕು. ಆ ತುಣುಕಿಗೆ ಅವಳು ತೆತ್ತ ಬೆಲೆ ಎಷ್ಟೆಂಬುದು ನಗುವವರಿಗೆ ಗೊತ್ತಿಲ್ಲ.

ಊರಾಚೆಯ ಗುಲಾಬಿ ತೋಟದಲ್ಲಿ ಅವಳಿಗೆ ಕೆಲಸ. ಪ್ಲಾಸ್ಟಿಕ್ ಹೊದಿಸಿದ ದೊಡ್ಡ ಮನೆಗಳೊಳಗೆ ನಿಂತು ಹೂವಿನ ಕಾಂಡ ಕತ್ತರಿಸಬೇಕು, ಮುಳ್ಳು ಸವರಬೇಕು, ಮೊಗ್ಗಿಗೆ ಬಲೆಯ ಟೋಪಿ ತೊಡಿಸಬೇಕು. ಹೂವು ಯಾವ ದೇಶಕ್ಕೆ ಹೋಗುತ್ತದೋ ಅವಳಿಗೆ ಗೊತ್ತಿಲ್ಲ. ಒಳಗಿನ ಸೆಕೆ ಮಾತ್ರ ಚೆನ್ನಾಗಿ ಗೊತ್ತು. ಸಂಜೆ ಮನೆಗೆ ಬಂದರೆ ಸೊಂಟ ಬೇರೆ, ಕಾಲು ಬೇರೆ. ಮಂಡಿನೋವು ಅವಳಿಗೆ ನೆಂಟನ ಹಾಗೆ. ಬಂದವನು ಹೊರಡುವ ಮಾತೇ ಆಡುತ್ತಿರಲಿಲ್ಲ. ಗಂಡ ಶ್ಯಾಮಣ್ಣ ಇದ್ದ ತುಂಡು ಹೊಲದಲ್ಲಿ ರಾಗಿ, ಟೊಮ್ಯಾಟೊ ಎಂದು ಒದ್ದಾಡುವ ಸಾಧು ಮನುಷ್ಯ. ಒಬ್ಬಳೇ ಮಗಳು ಭಾನು, ಹೊಸೂರಿನ ಕಾರ್ಖಾನೆಗೆ ಕಂಪನಿ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು.

ಆ ತುಣುಕು ಸಿಕ್ಕಿದ್ದು ಹೀಗೆ. ಶಾಲೆಯಲ್ಲಿ ಕಾನೂನು ಶಿಬಿರ ನಡೆಸುತ್ತಾರೆ, ಸಂಘದ ಹೆಂಗಸರೆಲ್ಲ ಬರಲೇಬೇಕು ಎಂದು ಹೇಳಿಕಳಿಸಿದ್ದರು. ಅಂಜಮ್ಮ ಹೋದದ್ದು ಕಾನೂನಿಗಲ್ಲ, ಕೂರಲು ನೆರಳು ಸಿಗುತ್ತದೆ ಎಂದು. ಕೃಷ್ಣಗಿರಿಯಿಂದ ಬಂದ ಲಾಯರಮ್ಮ ಮೊದಲು ತಮಿಳಿನಲ್ಲಿ ಶುರು ಮಾಡಿ, ಎದುರಿಗಿದ್ದ ಮುಖಗಳನ್ನು ನೋಡಿ ಕನ್ನಡಕ್ಕೆ ತಿರುಗಿದಳು. ಅಷ್ಟರಲ್ಲಿ ಅಂಜಮ್ಮ ಕಂಬಕ್ಕೊರಗಿ ಅರ್ಧ ನಿದ್ದೆಯಲ್ಲಿದ್ದಳು. ಒಂದು ಮಾತಿಗೆ ಮಾತ್ರ ಕಣ್ಣು ಫಕ್ಕನೆ ತೆರೆಯಿತು.

"ನೀವು ಕಂಡಿದ್ದು ಕೇಳಿದ್ದು ಹೇಳೋಕೆ ಅಂತ ಪೊಲೀಸರು ಹೆಂಗಸರನ್ನ ಸ್ಟೇಷನ್‌ಗೆ ಬಾ ಅಂತ ಬಲವಂತ ಮಾಡೋ ಹಾಗಿಲ್ಲ. ಅವರೇ ನಿಮ್ಮ ಮನೆಗೆ ಬಂದು ಕೇಳ್ಕೋಬೇಕು. ನೀವಾಗಿ ಹೋಗ್ತೀನಿ ಅಂದ್ರೆ ಅದು ಬೇರೆ."

ಶಿಬಿರ ಮುಗಿದ ಮೇಲೆ ಅಂಜಮ್ಮ ನಲ್ಲಿಯ ಹತ್ತಿರ ಲಾಯರಮ್ಮನನ್ನು ಹಿಡಿದಳು. "ಇದು ಈಗ ಬಂದಿರೋ ಕಾನೂನಾ ಅಮ್ಮಾ?"

"ಇಲ್ಲಮ್ಮ. ಹಳೇ ಕಾನೂನು ಪುಸ್ತಕದಲ್ಲೂ ಇತ್ತು, ಹೊಸದ್ರಲ್ಲೂ ಇದೆ."

"ನಮ್ಮವ್ವನ ಕಾಲಕ್ಕೂ ಇತ್ತಾ?"

"ಇತ್ತು."

ಅಂಜಮ್ಮ ಮುಖ ತೊಳೆದುಕೊಂಡು ಮನೆಗೆ ಬಂದಳು. ಅವಳ ಅವ್ವ ದೊಡ್ಡಮುನಿಯಮ್ಮ. ಬದುವಿನ ಜಗಳವೊಂದನ್ನು ಕಣ್ಣಾರೆ ಕಂಡ ತಪ್ಪಿಗೆ ಅವಳನ್ನು ಸ್ಟೇಷನ್ನಿಗೆ ಕರೆಸಿ ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಬೆಂಚಿನ ಮೇಲೆ ಕೂರಿಸಿದ್ದರು. ಒಂದು ಮಾತು ಕೇಳಲಿಲ್ಲ, ಒಂದು ಲೋಟ ನೀರು ಕೊಡಲಿಲ್ಲ. ಯಾರೂ ಏನೂ ಮಾಡಿರಲಿಲ್ಲ, ನಿಜ. ಆದರೆ ಅಂದಿನಿಂದ ಬೀದಿನಲ್ಲಿಯ ಜಗಳವಾದರೂ ಸರಿ, ಕೋಳಿಯ ಜಗಳವಾದರೂ ಸರಿ, "ನೀನು ಸ್ಟೇಷನ್ ಮೆಟ್ಲು ಹತ್ತಿದೋಳು, ಬಾಯಿ ಮುಚ್ಚು" ಎಂಬ ಮಾತು ಬಂದೇ ಬರುತ್ತಿತ್ತು. ಅವ್ವ ಸಾಯುವವರೆಗೂ ಆ ಮಾತನ್ನು ನುಂಗಿದಳು. ಆ ದಿನವೇ ಕಾನೂನು ಇತ್ತಂತೆ. ಇದ್ದೂ ಇಲ್ಲದ ಕಾನೂನು!

ಇದಾದ ಮೇಲೆ ತೋಟದ ನೀರಿನ ಮೋಟರು ಕಳುವಾಯಿತು. ಒಂದು ಸಂಜೆ ಹೆಂಗಸರೆಲ್ಲ ಗುಂಪಾಗಿ ಕೆಲಸ ಮುಗಿಸಿ ಬರುವಾಗ, ಹುಣಸೆಮರದ ತಿರುವಿನಲ್ಲಿ ಜೀಪು ಅಡ್ಡ ನಿಂತಿತ್ತು. ಹೊಸದಾಗಿ ಬಂದಿದ್ದ ಎಳೆಯ ಎಸ್ಐ ಕೈ ತೋರಿಸಿ ನಿಲ್ಲಿಸಿದ. ಕಳುವಿನ ಮೊದಲು ತೋಟದ ಬೇಲಿಯ ಹತ್ತಿರ ಯಾವುದೋ ಪಿಕಪ್ ವಂಡಿ ನಿಂತಿತ್ತಂತೆ, ಯಾರು ನೋಡಿದ್ದು ಎಂದು ತಮಿಳಿನಲ್ಲಿ ಕೇಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜನ ನಾವು. ಕದಿಯದವರೂ ಎರಡು ಹೆಜ್ಜೆ ಹಿಂದೆ ಸರಿದರು. ಅಂಜಮ್ಮ ಮಾತ್ರ, "ನಾನು ನೋಡಿದ್ದೆ ಸಾರ್" ಎಂದುಬಿಟ್ಟಳು.

"ಸರಿ, ವಂಡಿ ಹತ್ತು. ಸ್ಟೇಷನ್ನಲ್ಲಿ ಹೇಳುವೆಯಂತೆ."

ಹಿಂದೆ ತಿರುಗಿ ನೋಡಿದಳು. ಜೊತೆಯ ಹೆಂಗಸರು ಅಷ್ಟರಲ್ಲಿ ಗದ್ದೆಬದುವಿನ ಮೇಲೆ ಸರಸರ ಹೋಗುತ್ತಿದ್ದರು. ಅವಳ ಕಾಲು ನಡುಗುತ್ತಿತ್ತು, ಅದು ಮಂಡಿನೋವಿನ ನಡುಕವಲ್ಲ. ಆದರೂ ಅವರ ತಮಿಳಿನಲ್ಲೇ ಹೇಳಿದಳು: ಹೇಳಲ್ಲ ಅಂತಿಲ್ಲ ಸಾರ್, ಕಂಡದ್ದು ಹೇಳ್ತೀನಿ. ಸ್ಟೇಷನ್‌ಗೆ ಬರಲ್ಲ. ಹೆಂಗಸರನ್ನ ಮನೆಗೆ ಬಂದು ಕೇಳಬೇಕು ಅಂತ ಕಾನೂನು ಐತೆ.

ಡ್ರೈವರು ಬಾಯಿ ಬಿಟ್ಟು ನೋಡಿದ. ಎಸ್ಐ ಬೈಯುತ್ತಾನೆ ಎಂದು ಅವಳು ಕಣ್ಣು ಮುಚ್ಚಿಕೊಂಡಳು. ಅವನು ಬೈಯಲಿಲ್ಲ. ಅವನಿಗೂ ದಿನವಿಡೀ ಸುತ್ತಿ ಸಾಕಾಗಿತ್ತೋ ಏನೋ, ಟೋಪಿ ತೆಗೆದು ಹಣೆ ಒರೆಸಿಕೊಂಡ.

"ಕಾನೂನು ಸರೀನೇಮ್ಮಾ. ಆದ್ರೆ ನಾವು ಬಂದ್ರೆ ಜೀಪಲ್ಲೇ ಬರೋದು, ಸೈಕಲಲ್ಲಿ ಬರಲ್ಲ. ಯೋಚನೆ ಮಾಡ್ಕೋ."

ಅವನು ಹೆದರಿಸಲು ಹಾಗೆಂದನೋ, ನಿಜವಾಗಿಯೂ ಬುದ್ಧಿ ಹೇಳಿದನೋ, ಅಂಜಮ್ಮನಿಗೆ ಇವತ್ತಿಗೂ ಗೊತ್ತಿಲ್ಲ.

ಯೋಚನೆ ಮಾಡಬೇಕಾದ ಕಾರಣವೂ ಇತ್ತು. ಭಾನುವಿಗೆ ಗಂಡು ಗೊತ್ತಾಗಿತ್ತು. ಅವಳ ಕಾರ್ಖಾನೆಯಲ್ಲೇ ಕೆಲಸ ಮಾಡುವ ನಂದೀಶ್. ಮಂಡ್ಯದ ಕಡೆಯಿಂದ ಬಂದು ಹೊಸೂರಿನ ಒಂದು ವಠಾರದಲ್ಲಿ ಬಾಡಿಗೆಗಿದ್ದ ಮನೆಯವರು. ಹುಡುಗ ಹುಡುಗಿ ಒಪ್ಪಿದ್ದರು. ಅವನ ತಾಯಿ ರುಕ್ಮಿಣಮ್ಮ ಒಮ್ಮೆ ಬಂದು ಅಂಜಮ್ಮನ ಕೈಯ ಹುರುಳಿಸಾರು ಉಂಡು, "ಮರ್ಯಾದಸ್ಥರ ಮನೆ" ಎಂದು ಹೋಗಿದ್ದಳು. ಬರುವ ಶುಕ್ರವಾರ ವೀಳ್ಯ ಬದಲಿಸಿ ಮದುವೆ ಮಾತು ಮುಗಿಸುವುದೆಂದಾಗಿತ್ತು.

ಆ ರಾತ್ರಿ ಶ್ಯಾಮಣ್ಣ ಮುದ್ದೆ ಮುರಿಯದೆ ಕೂತ. "ಅಲ್ಲ ಕಣೇ, ಮದುವೆ ಮನೇಗೆ ಜೀಪು ಕರೀತಾರಾ ಯಾರಾದ್ರೂ? ನಾಳೆ ಬೆಳಿಗ್ಗೆ ನಾವೇ ಹೋಗಿ ಹೇಳಿ ಬಂದ್ಬುಡಾನ. ನಾನೂ ಬತ್ತೀನಿ. ಯಾರ್ಗೂ ಗೊತ್ತಾಗಾಕಿಲ್ಲ."

"ನಮ್ಮವ್ವನ್ನೂ ಯಾರ್ಗೂ ಗೊತ್ತಾಗಾಕಿಲ್ಲ ಅಂತ್ಲೇ ಕರ್ಕೊಂಡೋಗಿದ್ದು."

"ಕಾನೂನು ಪುಸ್ತಕ್ದಾಗೆ ಇರ್ತದೆ, ನಾವು ಊರಾಗೆ ಇರ್ತೀವಿ" ಎಂದ ಶ್ಯಾಮಣ್ಣ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ಅಂಜಮ್ಮನಿಗೆ ಹೆಚ್ಚು ದಣಿವು ತಂದದ್ದು.

ಬೆಳಿಗ್ಗೆ ಇಬ್ಬರೂ ಬಸ್ ಸ್ಟಾಪಿಗೆ ಹೋದರು. ಅವಳು ಒಳ್ಳೆಯ ಸೀರೆ ಉಟ್ಟಿದ್ದಳು. ಬಸ್ಸು ಬಂತು, ಬಾಗಿಲು ಅವಳ ಮುಂದೆಯೇ ನಿಂತಿತು. ಶ್ಯಾಮಣ್ಣ ಹತ್ತಿ ಕೈ ಚಾಚಿದ. ಅಂಜಮ್ಮನಿಗೆ ಬಸ್ಸಿನ ಮೆಟ್ಟಿಲು ಕಾಣಲಿಲ್ಲ, ಅವ್ವ ಕೂತ ಬೆಂಚು ಕಂಡಿತು. "ನನ್ನ ಕೈಲಾಗಾಕಿಲ್ಲ" ಎಂದಳು. ಕಂಡಕ್ಟರು ಸೀಟಿ ಊದಿದ. ಶ್ಯಾಮಣ್ಣ ಗೊಣಗುತ್ತ ಇಳಿದ, ಇಬ್ಬರೂ ಮನೆಗೆ ನಡೆದರು.

ಪೊಲೀಸರು ಆ ದಿನ ಬರಲಿಲ್ಲ. ಮರುದಿನವೂ ಇಲ್ಲ. ಅಂಜಮ್ಮ ಕೆಲಸಕ್ಕೆ ಚಕ್ಕರ್ ಹಾಕಿ ದಿನಾ ಬೆಳಿಗ್ಗೆ ಜಗಲಿ ಸಾರಿಸಿ, ಚಾಪೆ ಒದರಿ, ದಾರಿ ಕಾಯುತ್ತ ಕೂರುವಳು. ಬರದೇ ಹೋದರೆ ಸಾಕು ಎಂದೂ ಅನ್ನಿಸುತ್ತಿತ್ತು, ಬಂದು ಮುಗಿದು ಹೋದರೆ ಸಾಕು ಎಂದೂ ಅನ್ನಿಸುತ್ತಿತ್ತು. ಕೊನೆಗೆ ಗುರುವಾರ ಬಂದರು, ಧೂಳೆಬ್ಬಿಸಿಕೊಂಡು, ಬೀದಿಯ ನಾಯಿಗಳನ್ನೆಲ್ಲ ಹಿಂದೆ ಕಟ್ಟಿಕೊಂಡು. ಎಸ್ಐ, ಡ್ರೈವರು, ಒಬ್ಬಳು ಮಹಿಳಾ ಪೊಲೀಸು.

ಬೀದಿ ಬೀದಿಯೇ ತಾರಸಿ ಹತ್ತಿತು. ಅಂಜಮ್ಮ ಜಗಲಿಯ ಮೇಲೆ ಚಾಪೆ ಹಾಸಿದಳು. ಅವಳಿಗೆ ಬೇಕಾಗಿದ್ದದ್ದು ಒಂದೇ, ಪಕ್ಕದಲ್ಲಿ ಒಂದು ಹೆಣ್ಣುಜೀವ. ಎದುರುಮನೆಯ ಮುನಿಲಕ್ಷ್ಮಿ ಬಾಗಿಲಲ್ಲೇ ನಿಂತಿದ್ದಳು. ದಿನ ಬೆಳಗಾದರೆ ಒಗ್ಗರಣೆಗೆ ಕರಿಬೇವು ಕೇಳಲು ಬರುವವಳು, ತನ್ನ ಹೆರಿಗೆಯಲ್ಲಿ ಅಂಜಮ್ಮನ ಕೈ ಹಿಡಿದು ಕಿರುಚಿದವಳು.

"ಮುನಿಯಕ್ಕಾ, ಚೂರು ಬಾರಕ್ಕ. ನನ್ನ ಪಕ್ಕದಾಗೆ ಕೂತ್ಕೋ, ಅಷ್ಟೇ."

"ಒಲೆ ಮ್ಯಾಲೆ ಹಾಲಿಟ್ಟಿವ್ನಿ ಕಣೇ" ಎಂದು ಮುನಿಲಕ್ಷ್ಮಿ ಬಾಗಿಲು ಮುಂದೆ ಮಾಡಿಕೊಂಡಳು.

ಹಾಲಿಟ್ಟಿದ್ದಳಂತೆ! ಅವಳ ಮನೆಯ ಹಸು ಗಬ್ಬವಾಗಿ ಹಾಲು ಬತ್ತಿಸಿಕೊಂಡಿದ್ದು ಇಡೀ ಬೀದಿಗೆ ಗೊತ್ತು. ಶ್ಯಾಮಣ್ಣ ಕೊಟ್ಟಿಗೆಯ ಹತ್ತಿರ ಹಗ್ಗ ಹಿಡಿದು ನಿಂತುಬಿಟ್ಟ. ಅಂಜಮ್ಮ ಒಬ್ಬಳೇ ಕೂತಳು.

ಅವರು ಕೇಳಿದ್ದು ನಾಲ್ಕೈದು ಮಾತು. ವಂಡಿಯ ಬಣ್ಣ ಯಾವುದು, ಯಾವ ಹೊತ್ತು, ಎಷ್ಟು ಜನ. ಅವಳು ಹೇಳಿದಳು, ಬರೆದುಕೊಂಡರು. ಸಹಿ ಹಾಕಬೇಕಾ ಎಂದಳು, ಬೇಕಿಲ್ಲ ಎಂದರು. ಮಹಿಳಾ ಪೊಲೀಸು ನೀರು ಕೇಳಿ ಕುಡಿದು, "ಬರ್ತೀವಮ್ಮಾ" ಎಂದು ನೆಂಟರ ಹಾಗೆಯೇ ಹೇಳಿ ಹೊರಟಳು. ಅನ್ನ ಬೇಯುವಷ್ಟು ಹೊತ್ತೂ ಹಿಡಿಯಲಿಲ್ಲ. ಇಷ್ಟೇನಾ ಎಂದುಕೊಂಡಳು ಅಂಜಮ್ಮ. ಅವ್ವನಿಗೂ ಇಷ್ಟೇ ಆಗಬಹುದಿತ್ತಲ್ಲ ಎಂದು ನೆನೆದು ಅಳು ಬಂತು.

ಜೀಪು ಬೀದಿ ದಾಟುವ ಮೊದಲೇ ಸುದ್ದಿ ಹೊಸೂರು ಮುಟ್ಟಿತ್ತು. ಸಂಜೆ ರುಕ್ಮಿಣಮ್ಮನ ಫೋನು.

"ತಪ್ಪು ತಿಳ್ಕೋಬೇಡಿ ಅಂಜಮ್ಮ. ನಮ್ದು ಬಾಡಿಗೆ ಮನೆ, ಪರಸ್ಥಳ. ಪೊಲೀಸ್ನೋರು ಬಂದ್ಹೋದ ಮನೆ ಅಂದ್ರೆ ನಮ್ಮ ಕಡೆಯೋರು ಏನಂತಾರೆ?"

"ನಾನು ಕಂಡಿದ್ದು ಹೇಳ್ದೆ ಕಣ್ರೀ, ಕದ್ದಿಲ್ಲ."

"ಗೊತ್ತು. ಆದ್ರೆ ಬೆಂಕಿ ಇಲ್ದೆ ಹೊಗೆ ಆಡಲ್ಲ ಅಂತಾರಲ್ಲ ಜನ."

ಶುಕ್ರವಾರದ ವೀಳ್ಯ ಅಲ್ಲಿಗೇ ನಿಂತಿತು. ನಂದೀಶ್ ತಾಯಿಯ ಮಾತಿಗೆ ಎದುರಾಡಲಿಲ್ಲ. ಭಾನು ಪಾಳಿ ಬದಲಿಸಿಕೊಂಡಳು, ಅವನ ಮುಖ ನೋಡಬೇಕಾಗದ ಹಾಗೆ. ಅಮ್ಮನ ಜೊತೆ ಬಹಳ ದಿನ ಮಾತು ಬಿಟ್ಟಳು. ಆಡಿದ ದಿನ ಆಡಿದ್ದು ಒಂದೇ ಮಾತು: "ಆ ಲಾಯರಮ್ಮ ನಂಗೆ ಗಂಡು ಹುಡುಕ್ಕೊಡ್ತಾಳಾ ಕೇಳು."

ಮೋಟರು ಸಿಕ್ಕಿತೋ, ಕಳ್ಳ ಸಿಕ್ಕಿದನೋ, ಯಾರೂ ಬಂದು ಹೇಳಲಿಲ್ಲ. ಅಂಜಮ್ಮ ಮತ್ತೆ ಪ್ಲಾಸ್ಟಿಕ್ ಮನೆಯ ಸೆಕೆಗೆ ಹೋದಳು. ತಾನು ಮಾಡಿದ್ದು ಸರಿಯೇ ಎಂದು ಅವಳಿಗೆ ಗೊತ್ತಿತ್ತು. ಸರಿಯಾದದ್ದನ್ನು ಮಾಡಿಯೂ ಮನಸ್ಸು ಇಷ್ಟು ಭಾರವಾಗಬಹುದು ಎಂದು ಮಾತ್ರ ಯಾವ ಶಿಬಿರದಲ್ಲೂ ಹೇಳಿರಲಿಲ್ಲ.

ಹುರುಳಿ ಕಿತ್ತು ಮುಗಿದ ಕಾಲ. ಒಂದು ಭಾನುವಾರ ಬಸ್ಸಿಳಿದು ಒಬ್ಬಳು ಹೆಂಗಸು ಮುಖಕ್ಕೆ ಸೆರಗು ಎಳೆದುಕೊಂಡು ಬಂದು ಜಗಲಿಯ ಮುಂದೆ ನಿಂತಳು. ರುಕ್ಮಿಣಮ್ಮ. ಭಾನು ನೋಡಿದವಳೇ ಒಳಗೆದ್ದು ಹೋದಳು.

ರುಕ್ಮಿಣಮ್ಮ ಕೂರಲೂ ಇಲ್ಲ. ವಠಾರದ ಪಕ್ಕದ ಮನೆಯವನು ಹೆಂಡತಿಯನ್ನು ಹೊಡೆದು ತಲೆ ಒಡೆದಿದ್ದ. ಕಂಡವಳು ಇವಳು. ನಿನ್ನೆ ಸಂತೆಯಲ್ಲಿ ಪೊಲೀಸರು ಇವಳನ್ನು ನಿಲ್ಲಿಸಿ, ಸೋಮವಾರ ಸ್ಟೇಷನ್‌ಗೆ ಬಾ ಎಂದು ಹೇಳಿ ಹೋಗಿದ್ದರು. ಆ ಹುಡುಗಿ ಆಸ್ಪತ್ರೆಯಲ್ಲಿದ್ದಾಳೆ, ಹೇಳದೆ ಇರಲು ಮನಸ್ಸು ಬಾರದು. ಸ್ಟೇಷನ್‌ಗೆ ಹೋಗಲು ಧೈರ್ಯ ಸಾಲದು.

"ನೀವು ಅವತ್ತು ಪೊಲೀಸ್ನೋರಿಗೆ ಏನೋ ಅಂದ್ರಂತಲ್ಲ ಅಂಜಮ್ಮ. ಆ ಮಾತು ನನಗೂ ಹೇಳ್ಕೊಡಿ."

ಅಂಜಮ್ಮನಿಗೆ ಸಿಟ್ಟು ಬರಲಿಲ್ಲವೇ ಎಂದರೆ, ಬಂತು. ಒಳ್ಳೆಯ ನಾಲ್ಕು ಮಾತು ನಾಲಿಗೆಯ ತುದಿಗೂ ಬಂತು. ಆದರೆ ಸಿಟ್ಟು ಮಾಡಲೂ ಮೈಯಲ್ಲಿ ಕಸುವು ಬೇಕು. ಎದುರಿಗೆ ನಿಂತವಳ ಕಾಲನ್ನು ನೋಡಿದಳು, ನಡುಗುತ್ತಿತ್ತು. ಆ ನಡುಕ ಅವಳಿಗೆ ಗೊತ್ತು.

"ಕೂತ್ಕೋ ಮೊದ್ಲು" ಎಂದಳು. ಹೇಳಿಕೊಟ್ಟಳು, ಮಗುವಿಗೆ ಹೇಳಿಕೊಟ್ಟ ಹಾಗೆ, ತಮಿಳಿನಲ್ಲಿ ಒಂದು ಸಲ, ಕನ್ನಡದಲ್ಲಿ ಒಂದು ಸಲ. "ಕಂಡಿದ್ದು ಹೇಳ್ತೀನಿ, ಮನೇಗೆ ಬಂದು ಕೇಳಿ. ಜೋರಾಗಿ ಬ್ಯಾಡ, ನಿಧಾನಕ್ಕೆ ಹೇಳು. ಫೋನ್ ಮಾಡಿ ಹೇಳುದ್ರೂ ಆಯ್ತು. ಆದ್ರೆ ಒಂದು ತಿಳ್ಕೋ, ಜೀಪು ಬತ್ತದೆ. ಅದು ನಿನ್ನ ಬಾಗ್ಲಲ್ಲೇ ನಿಂತ್ಕೋತದೆ."

"ಓನರ್ರು ಮನೆ ಬಿಡು ಅಂದ್ರೆ?"

"ಅದಕ್ಕೆ ನಂತಾವ ಕಾನೂನಿಲ್ಲ."

ರುಕ್ಮಿಣಮ್ಮ ಅಳುತ್ತ ಕೂತಳು. ಮತ್ತೆ ಮದುವೆಯ ಮಾತು ಅವಳೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ.

ಸೋಮವಾರ ಬೆಳಿಗ್ಗೆ ಅಂಜಮ್ಮ ಅದೇ ಒಳ್ಳೆಯ ಸೀರೆ ಉಟ್ಟದ್ದನ್ನು ಕಂಡು ಭಾನು ಉರಿದುಬಿದ್ದಳು. "ನಿಂಗೇನು ತಲೆಗಿಲೆ ಕೆಟ್ಟದಾ? ಅವ್ರ ಮನೇಗೆ ಹೋಯ್ತೀಯಾ? ನಮ್ಮ ಬಾಗ್ಲಿಗೆ ಜೀಪು ಬಂದಾಗ ಅವ್ರು ಏನಂದ್ರು, ಮರ್ತೋಯ್ತಾ?"

"ಮರ್ತಿಲ್ಲ ಕಣೇ" ಎಂದಳು ಅಂಜಮ್ಮ. "ಅದ್ಕೇ ಹೋಯ್ತೀನಿ."

ಒಂದು ದಿನದ ಕೂಲಿ ಬಿಟ್ಟು, ಬಸ್ಸು ಬದಲಿಸಿ, ಮಂಡಿ ಹಿಡಿದುಕೊಂಡು ವಠಾರದ ಮೆಟ್ಟಿಲು ಹತ್ತಿದಳು. ರುಕ್ಮಿಣಮ್ಮ ಫೋನಿನಲ್ಲಿ ಹೇಳಬೇಕಾದ್ದನ್ನು ಹೇಳಿ ಆಗಿತ್ತು, ಬರುತ್ತೇವೆ ಎಂದಿದ್ದರು. ಸಾಲುಮನೆಗಳ ಬಾಗಿಲುಗಳೆಲ್ಲ ಅರ್ಧ ಮುಚ್ಚಿ ಅರ್ಧ ತೆರೆದಿದ್ದವು. ಹೊಸ್ತಿಲಲ್ಲಿ ನಂದೀಶ್ ತಲೆ ತಗ್ಗಿಸಿ ನಿಂತಿದ್ದ. ಅಂಜಮ್ಮ ಅವನನ್ನು ಮಾತಾಡಿಸಲಿಲ್ಲ, ಬೈಯಲೂ ಇಲ್ಲ. ತಾನೇ ಚಾಪೆ ಎಳೆದು ಬಾಗಿಲ ಮುಂದೆ, ಎಲ್ಲರಿಗೂ ಕಾಣುವ ಹಾಗೆ, ಹಾಸಿ ಕೂತಳು.

ಬೀದಿಯ ತುದಿಯಲ್ಲಿ ಜೀಪು ತಿರುಗಿತು. ರುಕ್ಮಿಣಮ್ಮ ದಢಕ್ಕನೆ ಎದ್ದು ನಿಂತಳು. ಒಳಗೆ ನೋಡಿದಳು, ಹೊರಗೆ ನೋಡಿದಳು.

"ಒಲೆ ಮೇಲೆ ಏನಾದ್ರೂ ಇಟ್ಟಿದ್ರೆ ಇಳಿಸಿ ಬಾ" ಎಂದಳು ಅಂಜಮ್ಮ, ಚಾಪೆಯ ಮೇಲೆ ಪಕ್ಕದ ಜಾಗವನ್ನು ಕೈಯಿಂದ ಸವರುತ್ತ. "ನಾನೆಲ್ಲೂ ಹೋಗಾಕಿಲ್ಲ."