ಟೈಪಿಂಗ್ ಮಾಸ್ತರರ ಹಳೆಯ ಕಂಪ್ಯೂಟರ್

ಮಾನ್ವಿಯಲ್ಲಿ ನಮ್ಮ ಪಕ್ಕದ ಮನೆಯ ಟೈಪಿಂಗ್ ಮಾಸ್ತರರು ತೆಳ್ಳಗಿದ್ದರು ಅನ್ನಿಸುತ್ತದೆ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಮಾತಾಡುವಾಗ ಅವರ ಬೆರಳುಗಳು ತೊಡೆಯ ಮೇಲೆ ಟೈಪ್ ಮಾಡುತ್ತಿದ್ದುದು ಮಾತ್ರ ಖಂಡಿತ. ಏನೇ ಕೆಟ್ಟರೂ, "ತಡೀರಿ, ಅದೂ ಹೊಂದಿಕೋಬೇಕಲ್ಲ" ಎನ್ನುತ್ತಿದ್ದರು.

ಕೀಬೋರ್ಡಿನೊಳಗೇ ಇಡೀ ಯಂತ್ರವಿದ್ದ ಅವರ ಹಳೆಯ ಕಂಪ್ಯೂಟರಿನ ಪರದೆ ಕೆಟ್ಟು ವರ್ಷಗಳಾಗಿದ್ದವು. ಒಂದು ಭಾನುವಾರ ಬೇರೆ ಮಾನಿಟರ್ ತಂದು ನನ್ನನ್ನು ಕರೆದರು. ಬಾಗಿಲಲ್ಲಿ ಗುಜರಿಯವನು ತಕ್ಕಡಿ ಹಿಡಿದು ನಿಂತಿದ್ದ.

"ಇವತ್ತ ಚಿತ್ರ ಬರಲಿಲ್ಲಂದ್ರ ಇದು ಅವನ ಪಾಲು," ಎಂದರು ಮಾಸ್ತರರ ಹೆಂಡತಿ.

ಎಷ್ಟು ಒತ್ತಿದರೂ ಮಾನಿಟರಿನ ವೈರು ಕಂಪ್ಯೂಟರಿನ ಬೆನ್ನಿನ ತೂತಿನಲ್ಲಿ ಕೂರಲಿಲ್ಲ. ಟಾರ್ಚ್ ಬಿಟ್ಟು ನೋಡಿದೆ. ಒಳಗೆ ವಿಭೂತಿ ಗಟ್ಟಿಯಾಗಿ ಕೂತಿತ್ತು. ಪ್ರತಿ ಆಯುಧಪೂಜೆಗೂ ಮಾಸ್ತರರು ಅದನ್ನು ನೀರಲ್ಲಿ ಕಲಸಿ ಯಂತ್ರದ ಬೆನ್ನಿಗೆ ಬಳಿಯುತ್ತಿದ್ದರಂತೆ.

"ಮುಂದ ಹಚ್ಚಿದ್ರ ಅಕ್ಷರ ಮುಚ್ಚತಾವಲ್ರೀ," ಎಂದರು.

"ಅದಕ್ಕ ಗ್ವಾಡಿಗೆ ಮಾಡಿದಂಗ ತೂತಿಗೆ ಗಿಲಾವ್ ಮಾಡೀರೇನು?" ಎನ್ನುತ್ತ ಹೆಂಡತಿ ತಲೆಯ ಪಿನ್ನು ತೆಗೆದುಕೊಟ್ಟರು.

ಮಾಸ್ತರರು ಕೆರೆದು ಕೆರೆದು ವೈರು ಸಿಕ್ಕಿಸಿದರು. ಪರದೆ ಬೆಳಗಿತು. ನೀಲಿಯೋ ಹಸಿರೋ, ಈಗ ಹೇಳಲಾರೆ. ಮೂಲೆಯಲ್ಲಿ ಕರ್ಸರ್ ಮಿಟುಕುತ್ತಿತ್ತು.

"ಯವ್ವಾ, ತೂಗ್ಲೇನ್ರಿ?" ಎಂದ ಗುಜರಿಯವನು.

"ಹೊರಗ ಹಳೀ ಪೇಪರ್ ಅದಾವ, ಅವನ್ನ ತೂಗಪಾ," ಎಂದು ಆಕೆ ಸ್ಟೂಲ್ ಎಳೆದುಕೊಂಡು ಕೂತರು. ಆಮೇಲೆ ಗಂಡನಿಗೆ, "ನನ್ನ ಹೆಸರಿನ ಮೊದಲ ಅಕ್ಷರ ಎಲ್ಲದ, ತೋರಸ್ರಿ," ಎಂದರು.