ಇಂಡಿಯ ಟೋಪಿ ಅಂಗಡಿಯ ದಾನೇಶ್ವರಿ

ಇಂಡಿ ಊರಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿರುವ ಸಿದ್ರಾಮನ ಎಂಬ್ರಾಯ್ಡರಿ ಅಂಗಡಿ ಸುತ್ತಿನ ಕ್ರಿಕೆಟ್ ಹುಡುಗರಿಗೆಲ್ಲ ಗೊತ್ತು. ದೇವಣಗಾಂವದಿಂದ, ಚಡಚಣದಿಂದ, ಒಮ್ಮೊಮ್ಮೆ ಅತ್ತ ಮುದ್ದೇಬಿಹಾಳದಿಂದಲೂ ಬಂದು ಟೋಪಿಯ ಮೇಲೆ ತಂಡದ ಹೆಸರು ಹೊಲಿಸಿಕೊಂಡು ಹೋಗುತ್ತಾರೆ. ಬರೀ ಹೆಸರಲ್ಲ, ಉಬ್ಬಿದ ಹೆಸರು. ಬೆರಳಾಡಿಸಿದರೆ ಅಕ್ಷರ ಕೈಗೆ ಹತ್ತಬೇಕು. ಆ ಕೆಲಸ ಮಾಡುವವಳು ದಾನೇಶ್ವರಿ.

ಅವಳ ತವರು ಮಸೂತಿ. ಮದುವೆಯಾಗಿ ಇಂಡಿಗೆ ಬಂದವಳು. ಲಾರಿ ಓಡಿಸುತ್ತಿದ್ದ ಗಂಡ ಚಡಚಣದಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ ಸುದ್ದಿ ಊರಿಗೆಲ್ಲ ತಿಳಿದ ಮೇಲೆ ಇವಳಿಗೆ ತಿಳಿಯಿತು. ಅಣ್ಣಂದಿರು ಕರೆದರು. ಕರೆದ ದನಿಯಲ್ಲೇ ಅತ್ತಿಗೆಯರ ಮುಸುರೆ ತಿಕ್ಕುವ ಕೆಲಸ ಕಾದಿದೆಯೆಂದು ಅವಳಿಗೆ ಗೊತ್ತಾಯಿತು. ಅವಳು ಹೋಗಲಿಲ್ಲ. ಹೋಗದವಳಿಗೆ ಇರಲು ಒಂದು ಜಾಗ ಬೇಕಿತ್ತು. ಆಗ ಸಿದ್ರಾಮನ ಹೆಂಡತಿ, ಗುರುತಿನ ಶೆಟ್ಟೆವ್ವ, ಬಂದು ಅವಳ ಟ್ರಂಕಿನ ಒಂದು ಹಿಡಿಕೆ ತಾನು ಹಿಡಿದು, ಅಂಗಡಿಯ ಹಿಂದಿನ ಕೋಣೆಗೆ ಕರೆದುಕೊಂಡು ಹೋದಳು. ಕೋಣೆಗೆ ಬೇರೆ ಬಾಗಿಲಿರಲಿಲ್ಲ. ಹೊರಗೆ ಬರಬೇಕೆಂದರೆ ಅಂಗಡಿ ದಾಟಿ, ಮಷಿನ್ನಿನ ಪಕ್ಕದಿಂದಲೇ ಬರಬೇಕು. ಆಗ ಅದು ಅವಳಿಗೆ ಧೈರ್ಯವೆನಿಸಿತ್ತು.

ಸಿದ್ರಾಮ ಅವಳಿಗೆ ಕೆಲಸ ಕಲಿಸಿದ. ಟೋಪಿಯನ್ನು ಫ್ರೇಮಿಗೆ ಬಿಗಿದು ಕೂರಿಸುವುದು, ನಡುವಿನ ದಪ್ಪ ಹೊಲಿಗೆಗೆ ಸೂಜಿ ತಾಗಿ ಮುರಿಯದಂತೆ ಮಷಿನ್ನನ್ನು ನಿಧಾನಕ್ಕೆ ಬಿಡುವುದು, ಮೊದಲು ಚಪ್ಪಟೆ ಹೊಲಿಗೆ ಮುಗಿಸಿ ಆಮೇಲೆ ಫೋಮಿನ ಹಾಳೆ ಇಡುವುದು. ಫೋಮಿನ ಬಣ್ಣ ದಾರದ ಬಣ್ಣವೇ ಆಗಿರಬೇಕು. ಸೂಜಿ ಒತ್ತೊತ್ತಾಗಿ ಓಡಾಡಿ ಅಕ್ಷರದ ಅಂಚಿನುದ್ದಕ್ಕೂ ಫೋಮನ್ನು ತೂತು ಮಾಡುತ್ತದೆ. ಹೊಲಿಗೆ ಮುಗಿದ ಮೇಲೆ ಹೊರಗಿನ ಫೋಮನ್ನು ಮೆಲ್ಲಗೆ ಹರಿದು ತೆಗೆದರೆ ಒಳಗಿನದು ದಾರದ ಕೆಳಗೆ ಉಬ್ಬಿಕೊಂಡು ನಿಲ್ಲುತ್ತದೆ. ಉಳಿದ ಸಣ್ಣ ಎಳೆಗಳಿಗೆ ಬಿಸಿಗಾಳಿ ತೋರಿಸಿದರೆ ಅವು ಮುದುಡಿ ಒಳಸೇರುತ್ತವೆ.

ಇಂಗ್ಲಿಷ್ ಅಕ್ಷರಕ್ಕೆ ಇಷ್ಟು ಸಾಕು. ಕನ್ನಡದ ಒತ್ತಕ್ಷರ ಮಾತ್ರ ಸಣ್ಣದಾಗಿ ಸುತ್ತಿಕೊಂಡಿರುತ್ತದೆ, ಅದರ ಕೆಳಗೆ ಫೋಮು ನಿಲ್ಲದೆ ಪುಡಿಯಾಗುತ್ತದೆ. ದಾನೇಶ್ವರಿ ಮಷಿನ್ನಿಗೆ ಅಕ್ಷರದ ನಕ್ಷೆ ಕೊಡುವ ಕಂಪ್ಯೂಟರಿನ ಮುಂದೆ ಕೂತು ಒತ್ತುಗಳನ್ನು ದಪ್ಪ ಮಾಡಿ, ಅಕ್ಷರದ ತುದಿಗಳನ್ನು ಅಡ್ಡ ಹೊಲಿಗೆಯಿಂದ ಮುಚ್ಚಿ, ಕೆಡಿಸುತ್ತ ತಿದ್ದುತ್ತ ತನ್ನದೇ ಒಂದು ಅಕ್ಷರಮಾಲೆ ಮಾಡಿಕೊಂಡಳು. ಅಷ್ಟರಲ್ಲಿ ಸಿದ್ರಾಮನಿಗೆ ನರದ ತೊಂದರೆಯಾಗಿ ಕೈ ನಡುಗಲು ಹತ್ತಿತ್ತು. ಅಂಗಡಿ ಪೂರ್ತಿ ಅವಳ ಕೈಗೆ ಬಂತು.

ಶೆಟ್ಟೆವ್ವ ದಿನಾ ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ ತಂದು ಮಷಿನ್ನಿನ ಪಕ್ಕ ಕೂರುತ್ತಿದ್ದಳು. "ಉಂಡ್ ಮಾಡಂತಿ ಬಾ, ದಾನವ್ವಾ. ನೀ ಉಣಲಿಲ್ಲಂದ್ರ ನನಗೂ ಗಂಟಲದಾಗ ಇಳಿಯಂಗಿಲ್ಲ." ದಾನೇಶ್ವರಿ ಸಂತೆಗೆ ಹೋಗಿ ತಡವಾದರೆ ಓಣಿಯ ತುದಿಗೆ ಬಂದು ನಿಂತಿರುತ್ತಿದ್ದಳು. ಹೊಸ ಸೀರೆ ಉಟ್ಟರೆ ಎಲ್ಲಿಗೆ ಹೊರಟೆಯೆಂದು ಕೇಳುತ್ತಿದ್ದಳು. ಮಾತಿನಲ್ಲಿ ಸಂಶಯವಿರಲಿಲ್ಲ, ಬರೀ ಅಕ್ಕರೆ. ಸಂಶಯವಿದ್ದಿದ್ದರೆ ದಾನೇಶ್ವರಿ ಜಗಳವಾಡುತ್ತಿದ್ದಳು. ಅಕ್ಕರೆಯ ಮುಂದೆ ಯಾವ ಮಾತೂ ಹೊರಡುತ್ತಿರಲಿಲ್ಲ.

ಸೊಲ್ಲಾಪುರದ ಸಮವಸ್ತ್ರದ ಕಾರಖಾನೆಯೊಂದರಿಂದ ಫೋನು ಬಂದದ್ದು ಹೋದ ವರ್ಷ. ಕರ್ನಾಟಕದ ಕಡೆಯಿಂದ ಕನ್ನಡ ಹೆಸರಿನ ಟೋಪಿಗಳ ಆರ್ಡರು ಬರುತ್ತಿದ್ದವು, ಅಲ್ಲಿನವರು ಮಾಡಿದ ಒತ್ತುಗಳೆಲ್ಲ ಕಿತ್ತುಬರುತ್ತಿದ್ದವು. ಅವಳು ಹೊಲಿದ ಟೋಪಿಯೊಂದನ್ನು ಯಾರದೋ ತಲೆಯ ಮೇಲೆ ನೋಡಿ ಮ್ಯಾನೇಜರು ಹುಡುಕಿಕೊಂಡು ಫೋನು ಮಾಡಿದ್ದ. ಟೋಪಿಯ ವಿಭಾಗ ಅವಳೇ ನೋಡಿಕೊಳ್ಳಬೇಕು, ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಇರಬಹುದು. ದಾನೇಶ್ವರಿ ಯೋಚಿಸದೆ ಹೂಂ ಅಂದುಬಿಟ್ಟಳು. ಆಮೇಲೆ ತನಗೆ ಎಷ್ಟು ಉಸಿರು ಕಟ್ಟಿತ್ತೆಂದು ತಾನೇ ಬೆರಗಾದಳು.

ಸೊಲ್ಲಾಪುರದ ಸುದ್ದಿ ಇಬ್ಬರಿಗೂ ಹೇಳಬೇಕೆಂದುಕೊಂಡ ದಿನ ಬೆಳಿಗ್ಗೆ ಅಂಗಡಿಯ ಮುಂದೆ ಪೇಂಟರ್ ಭೀಮು ಏಣಿ ಹಚ್ಚಿದ್ದ. ಹಳೆಯ ಬೋರ್ಡು ಕೆಳಗಿತ್ತು. ಹೊಸದರ ಮೇಲೆ 'ದಾನೇಶ್ವರಿ ಎಂಬ್ರಾಯ್ಡರಿ' ಎಂದು ಬರೆದಿತ್ತು. ಸಿದ್ರಾಮ ನಡುಗುವ ಕೈಗಳನ್ನು ಬಗಲಲ್ಲಿ ಸಿಗಿಸಿಕೊಂಡು ನಗುತ್ತಿದ್ದ. ಶೆಟ್ಟೆವ್ವ ಓಣಿಯವರಿಗೆಲ್ಲ ಸಕ್ಕರೆ ಹಂಚುತ್ತಿದ್ದಳು.

"ನಮಗ್ಯಾರದಾರ ಹೇಳು. ಎಲ್ಲಾ ನಿಂದ," ಅಂದಳು.

ಸಕ್ಕರೆ ದಾನೇಶ್ವರಿಯ ಬಾಯಲ್ಲೇ ಕರಗದೆ ಉಳಿಯಿತು. ಒಳಗೆ ಹೋಗಿ ಸೊಲ್ಲಾಪುರಕ್ಕೆ ಫೋನು ಮಾಡಿ, ಮುಂದಿನ ತಿಂಗಳು ಬರುತ್ತೇನೆಂದಳು. ಮುಂದಿನ ತಿಂಗಳೂ ಅದೇ ಮಾತು ಹೇಳಿದಳು. ಬೋರ್ಡಿನ ಕೆಳಗೆ ಹಾಯುವಾಗ ತಲೆ ತಗ್ಗಿಸುವುದು ರೂಢಿಯಾಯಿತು.

ಕಡೆಗೆ ಒಂದು ಮಧ್ಯಾಹ್ನ ಊಟದ ನಡುವೆ, ಮುಂದಿನ ತುತ್ತಿನೊಳಗೆ ಹೇಳದಿದ್ದರೆ ಎಂದೂ ಹೇಳಲಾರೆನೆನಿಸಿ, ಹೇಳಿದಳು. "ಕಾಕಾ, ಸೊಲ್ಲಾಪುರದಾಗ ನನಗೊಂದ್ ಕೆಲಸ ಸಿಕ್ಕೈತ್ರಿ. ನಾ ಹೋಗಬೇಕಂತ ಮಾಡೇನಿ."

ಸಿದ್ರಾಮ ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಟ್ಟ. "ಹೋಗವ್ವಾ. ನಾವೇನ್ ನಿನ್ನ ಕಟ್ಟಿ ಹಾಕೇವೇನು?"

ಶೆಟ್ಟೆವ್ವ ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿ, "ನಾ ಏನರ ಕಡಿಮಿ ಮಾಡೇನೇನ ನಿನಗ?" ಎಂದು ಕೇಳಿದಳು. ಬೈಯಲಿಲ್ಲ, ಅಳಲಿಲ್ಲ. ಅವಳ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ ಎದ್ದು ಹೋದಳು.

ಮರುದಿನ ದಾನೇಶ್ವರಿ ಟ್ರಂಕಿಗೆ ಬಟ್ಟೆ ಜೋಡಿಸುತ್ತಿದ್ದಾಗ ಅಂಗಡಿಯಲ್ಲಿ ಮಷಿನ್ನಿನ ಸಪ್ಪಳ ಕೇಳಿತು, ಹಿಂದೆಯೇ ಟಪ್ಪೆಂದು ಸೂಜಿ ಮುರಿದ ಸಪ್ಪಳ. ಹೊರಗೆ ಬಂದಳು. ಸಿದ್ರಾಮ ಸಡಿಲಾಗಿ ಕೂತ ಟೋಪಿಯನ್ನು ಎರಡೂ ಕೈಯಿಂದ ಅದುಮಿ ಹಿಡಿದಿದ್ದ. ಅಕ್ಷರ ಸೊಟ್ಟಗಾಗಿತ್ತು, ಫೋಮು ಕಿತ್ತು ಚೂರಾಗಿ ಅವನ ಅಂಗಿಯ ಮೇಲೆಲ್ಲ ಬಿದ್ದಿತ್ತು. ಅವಳನ್ನು ನೋಡಿ, "ರೂಢಿ ಇಲ್ಲಲ್ಲ, ಆಗತೈತಿ ತಗೋ," ಅಂದ. ಅವಳು ಮಷಿನ್ನು ಬಂದ್ ಮಾಡಿ ಅವನ ಕೈಯಿಂದ ಟೋಪಿ ತೆಗೆದುಕೊಂಡಳು. "ಯಾರಿಗರ ಕಲಿಸಿ ಹೋಗ್ತೇನಿ, ಕಾಕಾ."

ಕಲಿಯಲು ಬಂದವಳು ಅದೇ ಓಣಿಯ ಜಾಸ್ಮಿನ. ಎರಡು ಮಕ್ಕಳ ತಾಯಿ, ಮನೆಯಲ್ಲೇ ಜಂಪರು ಹೊಲಿಯುತ್ತಿದ್ದವಳು. ಚಪ್ಪಟೆ ಹೊಲಿಗೆ ಅವಳಿಗೆ ಬೇಗ ಕೈಹತ್ತಿತು. ಫೋಮಿನ ಕೆಲಸ ಮಾತ್ರ ಹತ್ತಲಿಲ್ಲ. ಫ್ರೇಮು ಸಡಿಲ ಬಿಡುತ್ತಿದ್ದಳು, ಫೋಮನ್ನು ಅವಸರದಿಂದ ಎಳೆಯುತ್ತಿದ್ದಳು, ಅಂಚಿನ ದಾರ ಹಿಂಜಿಕೊಳ್ಳುತ್ತಿತ್ತು. ಜಾಸ್ಮಿನ ಮನೆಗೆ ಹೋದ ಮೇಲೆ ದಾನೇಶ್ವರಿ ಕೆಟ್ಟ ಟೋಪಿಗಳನ್ನು ಆರಿಸಿ ತೆಗೆದು, ಅವುಗಳ ಜಾಗಕ್ಕೆ ಹೊಸದಾಗಿ ಹೊಲಿದು ಇಡುತ್ತಿದ್ದಳು. ಕೆಟ್ಟವನ್ನು ಚೀಲಕ್ಕೆ ತುಂಬಿ ತನ್ನ ಮಂಚದ ಕೆಳಗೆ ನೂಕುತ್ತಿದ್ದಳು. ಗಿರಾಕಿ ತಿರುಗಿ ಬಂದರೆ ಶೆಟ್ಟೆವ್ವನ ಮುಖ ಸಣ್ಣದಾಗುತ್ತದೆ. ಅದನ್ನು ನೋಡುವುದು ಅವಳಿಂದ ಆಗುತ್ತಿರಲಿಲ್ಲ. ಹೀಗೆ ಮಳೆಗಾಲ ಕಳೆಯಿತು, ದೀಪಾವಳಿ ಕಳೆಯಿತು. ಸೊಲ್ಲಾಪುರದವರು ಫೋನು ಮಾಡುವುದನ್ನೇ ಬಿಟ್ಟರು.

ಒಂದು ದಿನ ಕಪ್ಪು ದಾರ ಮುಗಿದು, ದಾರದ ಡಬ್ಬಿ ತರಲು ಜಾಸ್ಮಿನ ಹಿಂದೆ ದಾನೇಶ್ವರಿಯ ಕೋಣೆಗೆ ಹೋದಳು. ಬಹಳ ಹೊತ್ತಾದರೂ ಬರಲಿಲ್ಲ. ಬಂದಾಗ ಅವಳ ಕೈಯಲ್ಲಿ ಆ ಚೀಲವಿತ್ತು.

"ಇವೆಲ್ಲಾ ನಾ ಮಾಡಿದ್ವಲ್ಲಕ್ಕಾ?"

ದಾನೇಶ್ವರಿ ಚೀಲಕ್ಕೆ ಕೈ ಚಾಚಿದಳು.

"ನಾ ಚಲೋ ಮಾಡಾಕತ್ತೇನಿ ಅಂತ ತಿಳ್ಕೊಂಡಿದ್ನಿ. ಮನ್ಯಾಗೂ ಹೇಳೇನಿ." ಜಾಸ್ಮಿನಳ ದನಿ ಏರಲಿಲ್ಲ. "ನೀವು ಹಿಂಗ ಮುಚ್ಚಿದ್ರ ನಾ ಹೆಂಗ ಕಲೀಲ್ರಿ? ನೀವರ ಹೆಂಗ ಹೋಗ್ತೀರಿ? ಇಲ್ಲಾ, ನಿಮಗ ಹೋಗೂ ಮನಸ ಇಲ್ಲೇನು?"

ಆ ಕಡೆಯ ಮಾತು ದಾನೇಶ್ವರಿಗೆ ಬಡಿದಂತಾಯಿತು. ಇಷ್ಟು ದಿನ ಬಾಗಿಲು ಹಾಕಿದವರು ಆ ಇಬ್ಬರೆಂದೇ ಅವಳು ಅಂದುಕೊಂಡಿದ್ದಳು. ಒಳಗಿನಿಂದ ಚಿಲಕ ಹಾಕಿದ ಕೈ ತನ್ನದೂ ಹೌದೆಂಬುದು ಆಗ ಕಂಡಿತು. ಯಾರಿಗೂ ಬೇಡವಾದವಳು ಇಲ್ಲಿ ಎಲ್ಲರಿಗೂ ಬೇಕಾಗಿದ್ದಳು. ಅದನ್ನು ಬಿಟ್ಟು ಹೋಗಲು ಅವಳಿಗೂ ಹೆದರಿಕೆಯಿತ್ತು.

ಮುಂದೆ ಬಂದದ್ದು ಬಸವನ ಬಾಗೇವಾಡಿಯ ಒಂದು ತಂಡದ ಆರ್ಡರು. ಅದನ್ನು ಜಾಸ್ಮಿನಳೇ ಪೂರ್ತಿ ಹೊಲಿದಳು, ದಾನೇಶ್ವರಿ ಹೊರಗೆ ಕಟ್ಟೆಯ ಮೇಲೆ ಕೂತಳು. ಮಷಿನ್ನಿನ ವೇಗ ಹೆಚ್ಚಾದದ್ದು ಕೂತಲ್ಲಿಂದಲೇ ತಿಳಿಯುತ್ತಿತ್ತು. ಕೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದಳು, ಏಳಲಿಲ್ಲ. ಟೋಪಿಗಳು ಹೋದವು, ಒಂದಷ್ಟು ತಿರುಗಿ ಬಂದವು. ತಂಡದವನೊಬ್ಬ ಅಂಗಡಿಯ ಮುಂದೆ ನಿಂತು, "ಬೋರ್ಡಿಗೆ ಹೆಸರು ದೊಡ್ಡದು, ಕೆಲಸ ನೋಡ್ರಿ ಹೆಂಗೈತಿ," ಅಂದ. ಶೆಟ್ಟೆವ್ವ ದಾನೇಶ್ವರಿಯ ಕಡೆ ನೋಡಿದಳು. ದಾನೇಶ್ವರಿ ಆ ನೋಟವನ್ನು ತಡೆದುಕೊಂಡಳು. ಜಾಸ್ಮಿನ ಮಾತ್ರ ಆ ಟೋಪಿಗಳನ್ನು ಬೆಳಕಿಗೆ ಹಿಡಿದು, ಎಲ್ಲಿ ಹರಿದಿದೆ, ಯಾಕೆ ಹರಿದಿದೆ ಎಂದು ಒಂದೊಂದಾಗಿ ನೋಡಿದಳು. ಅವಳು ಹೊಸದಾಗಿ ಹೊಲಿದು ಎರಡನೆಯ ಸಲ ಕಳಿಸಿದವು ತಿರುಗಿ ಬರಲಿಲ್ಲ.

ದಾನೇಶ್ವರಿ ಸೊಲ್ಲಾಪುರಕ್ಕೆ ಫೋನು ಮಾಡಿದಳು. ಆ ಜಾಗಕ್ಕೆ ಅಕ್ಕಲಕೋಟದ ಒಬ್ಬಳು ಬಂದಿದ್ದಳು. ಖಾಲಿಯಾದರೆ ತಿಳಿಸುತ್ತೇವೆಂದು ಮ್ಯಾನೇಜರು ಫೋನಿಟ್ಟ.

ಈಗಲೂ ಅವಳು ಇಂಡಿಯಲ್ಲೇ ಇದ್ದಾಳೆ, ಅದೇ ಕೋಣೆಯಲ್ಲಿ. ಮಷಿನ್ನಿನ ಮುಂದೆ ಹೆಚ್ಚಾಗಿ ಜಾಸ್ಮಿನ ಕೂರುತ್ತಾಳೆ. ಮೊನ್ನೆ ದಾನೇಶ್ವರಿ ಯಾರನ್ನೂ ಕೇಳದೆ ವಿಜಯಪುರದ ಬಸ್ಸು ಹತ್ತಿ, ಅಲ್ಲಿನ ಎರಡು ಕಡೆ ಕೆಲಸ ವಿಚಾರಿಸಿ ಸಂಜೆ ಮರಳಿದಳು. ಓಣಿಯ ತುದಿಯಲ್ಲಿ ಶೆಟ್ಟೆವ್ವ ನಿಂತಿದ್ದಳು.

"ಎಲ್ಲಿಗ್ ಹೋಗಿದ್ದಿ?"

"ಕೆಲಸ ಕೇಳಾಕ ಹೋಗಿದ್ನಿ, ಕಾಕು."

ಶೆಟ್ಟೆವ್ವ ಅವಳ ಜೊತೆ ನಾಲ್ಕು ಹೆಜ್ಜೆ ನಡೆದಳು. "ಏನಂದ್ರು?"

"ಇನ್ನಾ ಏನೂ ಹೇಳಿಲ್ರಿ."

"ಹೇಳ್ತಾರ," ಅಂದಳು ಶೆಟ್ಟೆವ್ವ, ಬೇರೆ ಕಡೆ ನೋಡುತ್ತ. ಇಬ್ಬರೂ ಮನೆಯ ಕಡೆ ನಡೆದರು.