ಮೇಲಿನ ಮನೆಗೆ ಕುಡಿಯುವವರು ಬೇಕಾಗಿದ್ದರು

ಕುಂದಲಹಳ್ಳಿಯ ನಮ್ಮ ಮನೆಯ ಮಹಡಿ ಖಾಲಿಯಾದಾಗ, ಬಾಡಿಗೆಗೆ ಕೇಳಿಕೊಂಡು ಬಂದವರಿಗೆಲ್ಲ ನಾನು ಒಂದೇ ಮಾತು ಕೇಳಿದೆ: "ಕುಡೀತೀರಾ?"

ಎಲ್ಲರೂ ಇಲ್ಲವೆಂದರು. "ಅಯ್ಯೋ, ನಂಗೆ ವಾಸ್ನೇನೇ ಆಗಲ್ಲ ಆಂಟಿ," ಎಂದು ಒಬ್ಬ ದೇವರ ಪಟದ ಕಡೆ ತಿರುಗಿ ಕೆನ್ನೆ ಬಡಿದುಕೊಂಡ. ಅವನ ಕಣ್ಣು ಬೇರೆಯೇ ಹೇಳುತ್ತಿತ್ತು. ತಪ್ಪು ಅವರದಲ್ಲ. ಈ ಊರಿನಲ್ಲಿ ಮನೆ ಕೊಡುವವರು ಆ ಪ್ರಶ್ನೆ ಕೇಳುವುದೇ ಓಡಿಸಲಿಕ್ಕೆ. ನಾನು ಕೇಳಿದ್ದು ಇರಿಸಿಕೊಳ್ಳಲಿಕ್ಕೆ. ಹಾಗಂತ ಬಾಯಿಬಿಟ್ಟು ಹೇಳುವುದು ಹೇಗೆ? ಭಾನುವಾರ ಜೊತೆಗೆ ಕೂತು ಕುಡಿಯಲು ಒಬ್ಬರು ಬೇಕು ಎಂದು ಗಂಡ ಸತ್ತ ಮುದುಕಿ ಬಾಗಿಲಲ್ಲಿ ನಿಂತು ಹೇಳಿದರೆ ಬೀದಿಯವರು ಸುಮ್ಮನಿರುತ್ತಾರೆಯೇ?

ಮೊದಲು ಮೇಲಿದ್ದವಳು ಹಾವೇರಿ ಕಡೆಯವಳು. ಕಂಪನಿ ಕೆಲಸ, ಒಂಟಿ ಜೀವ. ವಿಭೂತಿ ಹಚ್ಚದೆ ನೀರು ಮುಟ್ಟದ ಮನೆತನ. ಬಂದ ಹೊಸದರಲ್ಲಿ ಅವಳಿಗೆ ಒಂದು ಪಾತ್ರೆ ಬಸ್ಸಾರು ಕೊಟ್ಟಿದ್ದೆ. ಭಾನುವಾರ ಮಧ್ಯಾಹ್ನ ಪಾತ್ರೆ ಹಿಂತಿರುಗಿಸಲು ಬಂದಳು. ಕೊಟ್ಟ ಪಾತ್ರೆಯನ್ನು ಯಾರೂ ಖಾಲಿ ಹಿಂತಿರುಗಿಸುವುದಿಲ್ಲ, ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತಾರೆ. ಇವಳ ಮನೆಯಲ್ಲಿ ಸಕ್ಕರೆ ಇರಲಿಲ್ಲವೋ ಏನೋ, ಪಾತ್ರೆಯೊಳಗೆ ಒಂದು ಬಾಟಲಿ ನಿಲ್ಲಿಸಿಕೊಂಡು ಬಂದಿದ್ದಳು.

"ಸ್ಪೇನ್ ದೇಶದ ವೈನ್ ಅಮ್ಮಾ. ದುಬಾರಿ ಅಲ್ಲ ಬಿಡ್ರಿ, ಕೊಟ್ಟ ರೊಕ್ಕಕ್ಕ ಮೋಸಿಲ್ಲ. ಹಳೇ ಬಳ್ಳೀದಂತ."

ಬಾಟಲಿಗೆ ಅಂಟಿಸಿದ ಚೀಟಿಯಲ್ಲಿ ಒಂದು ಮೋಟು ಗಿಡದ ಚಿತ್ರವಿತ್ತು. ಚಪ್ಪರವಿಲ್ಲ, ತಂತಿಯಿಲ್ಲ, ಬುಡ ಮಾತ್ರ ಒರಳಿನ ಹಾಗೆ. ಅಲ್ಲಿ ಅಜ್ಜನ ಕಾಲದ ಬಳ್ಳಿಯನ್ನೂ ಕೀಳುವುದಿಲ್ಲವಂತೆ. ಗೊಂಚಲು ಕಮ್ಮಿ, ಆದರೆ ರಸ ಗಟ್ಟಿಯಂತೆ.

"ಸುಳ್ಳು," ಅಂದೆ. "ಫಸ್ಲು ಕಮ್ಮಿಯಾದ್ರೆ ಯಾವನು ಮಡಗ್ತಾನೆ? ನಾವು ಬುಡ ಸಮೇತ ಕಿತ್ತು ಒಲೆಗೆ ಇಕ್ತಿದ್ವಿ."

ನಮ್ಮದೂ ದ್ರಾಕ್ಷಿ ತೋಟವಿತ್ತು, ಈಗ ಗಾಜಿನ ಕಟ್ಟಡ ನಿಂತಿರುವ ಕಡೆ. ಗಂಡನೂ ನಾನೂ ಎದುರುಬದುರು ನಿಂತು ಬಳ್ಳಿ ಕತ್ತರಿಸುತ್ತಿದ್ದೆವು. ತೋಟ ಹೋಯಿತು, ಆಮೇಲೆ ಅವನೂ ಹೋದ. ಮಕ್ಕಳು ಮೊದಲೇ ಇರಲಿಲ್ಲ. ಚಪ್ಪರದ ಕಲ್ಲುಕಂಬ ಎರಡು ಹಿತ್ತಲಲ್ಲಿವೆ, ನಡುವೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತೇನೆ. ಇದನ್ನೆಲ್ಲ ಅವಳಿಗೆ ಹೇಳಿದೆ.

"ಹಂಗಂದ್ರ ನೀವೂ ಹಳೇ ಬಳ್ಳೀನ ಅಮ್ಮಾ," ಎಂದು ಅವಳು ನಕ್ಕಳು.

"ಓಲಿಕೆ ಆಮೇಲೆ ಮಾಡುವಂತೆ, ಮೊದ್ಲು ಉಯ್ಯಿ."

ಸ್ಟೀಲ್ ಲೋಟಕ್ಕೆ ಹುಯ್ದಳು. ಮೊದಲು ನೇರಳೆಹಣ್ಣಿನ ಒಗರು, ಹಿಂದೆಯೇ ಮೆಣಸುಕಾಳು ಕಚ್ಚಿದ ಹಾಗೆ ಗಂಟಲಲ್ಲಿ ಬಿಸಿ. ಬಾಣಂತಿಯರ ಔಷಧಿಯ ಹಾಗಿದೆ ಅನ್ನಿಸಿತು.

"ಊಟ ಆದ್ಮೇಲೆ ಎರಡು ಚಮಚ ಸಾಕು. ಮಿಕ್ಕಿದ್ದು ಎತ್ತಿಡು, ತಿಂಗ್ಳು ಬರ್ತದೆ."

"ತೆಗೆದ ಮ್ಯಾಲೆ ಇಡಂಗಿಲ್ಲಮ್ಮಾ, ನಾಳೆ ನಾಡಿದ್ದರಾಗ ಹುಳಿ ಆಗ್ತದ. ಒಬ್ಬಾಕಿ ಕೈಲೆ ಮುಗಿಯೂದಿಲ್ಲ. ಅದಕ್ಕ ನಿಮ್ಮ ಹತ್ರ ತಂದೀನಿ."

ಅಲ್ಲಿಂದ ಭಾನುವಾರಗಳು ಹಾಗೇ ನಡೆದವು. ಕಡಲೆಕಾಯಿ ಬೇಯಿಸಿ ಇಡುತ್ತಿದ್ದೆ. ಅವಳು ಮ್ಯಾನೇಜರನನ್ನು ಬೈಯುತ್ತಿದ್ದಳು, ನಾನು ಸತ್ತವರನ್ನು ಬೈಯುತ್ತಿದ್ದೆ. ಆಮೇಲೆ ಕಂಪನಿ ಅವಳನ್ನು ಪುಣೆಗೆ ಕಳಿಸಿತು. ಹೋಗುವಾಗ ಅದೇ ಮೋಟು ಗಿಡದ ಬಾಟಲಿ ಒಂದನ್ನು ಕೊಟ್ಟುಹೋದಳು. ಸ್ವಲ್ಪ ದಿನ ಫೋನ್ ಮಾಡಿದಳು, ನಿಲ್ಲಿಸಿದಳು. ಅದು ಇರುವುದೇ ಹಾಗೆ. ಬಾಟಲಿಯನ್ನು ಅಲಮಾರಿಯಲ್ಲಿಟ್ಟೆ. ತೆರೆದರೆ ಇಬ್ಬರು ಬೇಕು.

ಕೊನೆಗೆ ಒಂದು ಗಂಡ ಹೆಂಡತಿ ಮನೆ ನೋಡಲು ಬಂದರು. ನನ್ನ ಪ್ರಶ್ನೆಗೆ ಗಂಡ "ಛೆ ಛೆ" ಅನ್ನುವಾಗ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಗು ನುಂಗಿದಳು. ಆ ನಗುವಿಗೇ ಮನೆ ಕೊಟ್ಟೆ.

ಸೋಮವಾರ ಬೆಳಿಗ್ಗೆಯಾದರೆ ಆ ಹುಡುಗಿ ಕಸದ ಚೀಲವನ್ನು ಮಗುವಿನ ಹಾಗೆ ಅವಚಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಇಳಿಯುತ್ತಾಳೆ. ಒಳಗೆ ಗಾಜು ಕಿಣಿಕಿಣಿ ಅನ್ನುತ್ತದೆ. ಒಂದು ದಿನ ತಡೆದೆ.

"ಏನಮ್ಮಾ ಅದು?"

"ಉಪ್ಪಿನಕಾಯಿ ಬಾಟ್ಲು ಆಂಟಿ. ಹಳೇದು."

"ವಾರಾವಾರ ಇಷ್ಟು ಉಪ್ಪಿನಕಾಯಿ ತಿಂದ್ರೆ ಒಟ್ಟೆ ಕೆಡ್ತದೆ ಕಣಮ್ಮಾ."

ನಾನು ತಮಾಷೆಗೆ ಅಂದೆ. ಅವಳ ಮುಖ ಬಿಳಿಚಿಕೊಂಡಿತು. ಮನೆ ಬಿಡಿಸುತ್ತೇನೆ ಅಂದುಕೊಂಡಳೇನೋ, ಚೀಲ ಅವಚಿಕೊಂಡೇ ಓಡಿದಳು. ಮುಂದಿನ ಸೋಮವಾರ ಚೀಲ ಗಂಡನ ಸ್ಕೂಟರಿನ ಡಿಕ್ಕಿಯಲ್ಲಿ ಹೋಯಿತು.

ಹೆದರಿಸಿದವಳು ನಾನೇ ತಾನೆ, ಸರಿಮಾಡೋಣವೆಂದು ಶನಿವಾರ ಬಸ್ಸಾರು ಮಾಡಿ, ಅದೇ ಹಳೆ ಪಾತ್ರೆಯಲ್ಲಿ ಮೇಲೆ ಕೊಟ್ಟು ಬಂದೆ. ಭಾನುವಾರ ಬೆಳಗಿನಿಂದ ಕಾದೆ. ಕಡಲೆಕಾಯಿ ಬೇಯಿಸಿದ್ದೆ. ಎರಡು ಲೋಟ ತೊಳೆದು ಬೋರಲು ಹಾಕಿದ್ದೆ.

ಮಧ್ಯಾಹ್ನ ಹುಡುಗಿ ಬಂದಳು. "ಸೂಪರಾಗಿತ್ತು ಆಂಟಿ, ಥ್ಯಾಂಕ್ಸ್," ಎಂದು ಪಾತ್ರೆ ಕೈಗಿಟ್ಟು, ಒಳಗೆ ಕರೆಯುವ ಮೊದಲೇ ಮೆಟ್ಟಿಲು ಹತ್ತಿದಳು. ಪಾತ್ರೆಯಲ್ಲಿ ಒಂದು ಹಿಡಿ ಸಕ್ಕರೆ ಇತ್ತು.

ಸಕ್ಕರೆಯನ್ನು ಡಬ್ಬಿಗೆ ಸುರಿದು, ಪಾತ್ರೆ ಒರೆಸಿ, ಅಲಮಾರಿಯ ಬಾಟಲಿಯನ್ನು ಅದರೊಳಗೆ ನಿಲ್ಲಿಸಿಕೊಂಡು ಹೊರಟೆ. ಮೂರು ಮೆಟ್ಟಿಲು ಹತ್ತಿರಬೇಕು, ಮೇಲಿನಿಂದ ನಗು ಕೇಳಿಸಿತು. ಅವನದು ಒಂದು, ಅವಳದು ಒಂದು. ಬಾಟಲಿಯನ್ನು ತಂದು ಅಲಮಾರಿಯಲ್ಲೇ ಇಟ್ಟೆ. ಮೇಲೆ ಅವರಾಗಲೇ ಇಬ್ಬರಿದ್ದಾರೆ.